ಹಿಂಬಾಗಿಲಿನ ಬಾಟಲಿಗಳು

ಆಸ್ಯಮ್ಮನ ಸೋಡಾ ಕಾರ್ಖಾನೆಯಲ್ಲಿ ಬಾಟಲಿಗಳಿರಲಿಲ್ಲ. ಗ್ಯಾಸ್ ಇತ್ತು, ಬಾವಿಯಲ್ಲಿ ನೀರಿತ್ತು, ಕೈಯಿಂದ ತಿರುಗಿಸುವ ಮೆಷಿನ್ ಇತ್ತು, ತಿರುಗಿಸಲು ತಮ್ಮ ಕಾಸಿಂ ಇದ್ದ. ಐವತ್ತೆಂಟನೇ ಇಸವಿಯ ಬೇಸಿಗೆ ಬೇರೆ. ಮಂಗಳೂರಿನ ಯಾವ ಅಂಗಡಿಯೂ ಸೋಡಾ ಬೇಡ ಎನ್ನುತ್ತಿರಲಿಲ್ಲ. ಆದರೂ ಬಂದರಿನ ಆ ಶೆಡ್ಡಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಮೆಷಿನ್ ನಿಲ್ಲುತ್ತಿತ್ತು. ಗೋಲಿ ಬಾಟಲಿಗಳು ತುಂಬಿ ಹೋಗುತ್ತಿದ್ದವು, ಖಾಲಿಯಾಗಿ ಹಿಂದೆ ಬರುತ್ತಿರಲಿಲ್ಲ. ಹೊಸ ಬಾಟಲಿ ಮಳೆಗಾಲಕ್ಕೆ ಮೊದಲು ಸಿಗುವುದಿಲ್ಲವೆಂದು ವ್ಯಾಪಾರಿ ಹೇಳಿಯಾಗಿತ್ತು.

ಶೆಡ್ ಗಂಡನ ಅಣ್ಣ ಹಸನಬ್ಬನದು. ಗಂಡ ಉಮರಬ್ಬ ತೀರಿಕೊಂಡ ಮೇಲೆ ಅದನ್ನು ಒಣಮೀನಿನ ಗೋದಾಮು ಮಾಡುವ ಯೋಚನೆ ಅವನಿಗೆ ಬಂದಿತ್ತು. ನಿಂತ ಮೆಷಿನ್ ನೋಡಿ ಒಂದು ದಿನ ಬಾಗಿಲಲ್ಲೇ ಹೇಳಿದ:

"ಮಳೆ ಹಿಡಿಯುವವರೆಗೆ ನೋಡ್ತೇನೆ ಆಸ್ಯಾ. ನಾನು ಬಂದಾಗ ಮೆಷಿನ್ ತಿರುಗ್ತಾ ಇದ್ದರೆ ಶೆಡ್ ನಿನ್ನ ಕೈಯಲ್ಲೇ ಇರಲಿ. ನಿಂತಿದ್ದರೆ ಬೀಗದ ಕೈ ಕೊಡು."

ಆಗಲಿ ಎಂದಳು. ಶೆಡ್ ಹೋದರೆ ಅವಳಿಗೆ ಉಳಿಯುವುದು ಬೀಡಿ ಕಟ್ಟುವುದು, ಕಾಸಿಂಗೆ ಬಂದರಿನಲ್ಲಿ ಮೂಟೆ ಹೊರುವುದು.

ಮೊದಲು ಅಂಗಡಿಗಳಿಗೆ ಒಂದು ನಿಯಮ ಮಾಡಿದಳು: ಎಷ್ಟು ಖಾಲಿ ಬಾಟಲಿ ಕೊಡುತ್ತಾರೋ ಅಷ್ಟೇ ಸೋಡಾ. ಬಿಕರ್ನಕಟ್ಟೆಯ ಮುದ್ದು, ಅವಳ ದೊಡ್ಡ ಗಿರಾಕಿ, ತಾನು ಸೋಡಾ ಮಾರುವವನೇ ಹೊರತು ಗುಜರಿಯವನಲ್ಲ ಎಂದು ಕಾಸಿಂನನ್ನು ಹಿಂದೆ ಕಳಿಸಿದ. ಮರುವಾರ ಅವನ ಅಂಗಡಿಯಲ್ಲಿ ಬೇರೆಯವರ ಸೋಡಾ ಇತ್ತು. ಇನ್ನೆರಡು ಅಂಗಡಿಯವರೂ ಹಾಗೆಯೇ ಮಾಡಿದರು. ಆದರೆ ಮುದ್ದು ಹೇಳಿದ ಒಂದು ಮಾತು ನಿಜವಾಗಿತ್ತು. ಬಾಟಲಿಗಳು ಅಂಗಡಿಯಲ್ಲಿರಲಿಲ್ಲ. ಮದುವೆಗೆ, ಹೊಟ್ಟೆನೋವಿಗೆ, ನೆಂಟರಿಗೆ ಎಂದು ಜನ ಮನೆಗೆ ಒಯ್ದಿದ್ದರು.

ಕಾಸಿಂ ಕೈಗಾಡಿ ತಳ್ಳಿಕೊಂಡು ಮನೆಗಳಿಗೆ ಹೋದ, ಖಾಲಿ ಗಾಡಿಯಲ್ಲೇ ಬಂದ. ಹಗಲು ಹೊತ್ತು ಬ್ಯಾರಿ ಮುಸ್ಲಿಮರ ಮನೆಯಲ್ಲಿ ಗಂಡಸರಿರುವುದಿಲ್ಲ. ಅಂಗಳದಲ್ಲಿ ನಿಂತು ಕೂಗಿದರೆ ಒಳಗಿನಿಂದ, ಗಂಡಸರು ಯಾರೂ ಇಲ್ಲ ಎಂಬ ಉತ್ತರ. ಅವನು ತಲೆ ತಗ್ಗಿಸಿ ಮುಂದಿನ ಮನೆಗೆ. ಬಾಟಲಿಗಳಿದ್ದದ್ದು ಹಿತ್ತಿಲ ಕಡೆ, ಅಡುಗೆಮನೆಯಲ್ಲಿ. ಉಮರಬ್ಬನ ಕಾಲದಿಂದಲೂ ಗಾಡಿಯವರು ಹೀಗೆ ಮುಂಬಾಗಿಲಿನಿಂದಲೇ ಮರಳುತ್ತಿದ್ದರು. ಇದನ್ನು ಯಾರೂ ತಪ್ಪೆಂದು ಎಣಿಸಿರಲಿಲ್ಲ, ಮರ್ಯಾದೆ ಎಂದುಕೊಂಡಿದ್ದರು.

"ನೀನು ಗಾಡಿ ಹಿಡಿದು ರಸ್ತೆಯಲ್ಲಿ ನಿಲ್ಲು," ಎಂದಳು ಆಸ್ಯಮ್ಮ. "ಹಿಂಬಾಗಿಲಿಗೆ ನಾನು ಹೋಗ್ತೇನೆ."

ತುಳುವರ ಮನೆಗಳಿಗೆ ಬಾಟಲಿ ತೊಳೆಯುವ ಕುಶಲಾಳನ್ನು ಕಳಿಸಿದಳು. ಉಮರಬ್ಬನ ಹೆಂಡತಿ ಬುಟ್ಟಿ ಹಿಡಿದು ಹಿತ್ತಿಲು ಸುತ್ತುತ್ತಾಳೆಂದು ಹಸನಬ್ಬ ಮಸೀದಿಯ ಕಟ್ಟೆಯಲ್ಲಿ ಕುಳಿತು ಬೇಸರಪಟ್ಟ. ಕುದ್ರೋಳಿಯಲ್ಲಿ ಖತೀಜಮ್ಮ ಗೋಲಿ ಬಾಟಲಿಯಲ್ಲಿ ರೊಟ್ಟಿ ಲಟ್ಟಿಸುತ್ತಿದ್ದಳು. ಕೈ ಚಾಚಿದ ಆಸ್ಯಮ್ಮನನ್ನು ನೋಡಿ ಅವಳು ಬಾಟಲಿಯನ್ನು ಸೆರಗಿನ ಮರೆಗೆ ಎಳೆದುಕೊಂಡಳು.

"ಗಂಡ ಹೋದ ಮೇಲೆ ನಿನಗೆ ನಾಚಿಕೆಯೂ ಹೋಯಿತಾ?"

"ನಾಚಿಕೆ ಉಂಟು ಖತೀಜಮ್ಮ. ಬಾಟಲಿ ಇಲ್ಲ."

ಖತೀಜಮ್ಮ ನಕ್ಕಳು. ಹಿಟ್ಟು ಮೆತ್ತಿದ ಬಾಟಲಿ ಕೊಟ್ಟು, ಮಂಚದಡಿಯಿಂದ ಉಳಿದವನ್ನೂ ಎಳೆದು ಹಾಕಿದಳು. ಪಕ್ಕದ ಮನೆಗೆ ತಾನೇ ಕೂಗಿ ಹೇಳಿದಳು.

ಗಾಡಿ ತುಂಬಿತು. ಕೆಲವು ಬಾಟಲಿಗಳಲ್ಲಿ ಸೀಮೆಎಣ್ಣೆಯ ವಾಸನೆ ಹೋಗಲೇ ಇಲ್ಲ; ಅವನ್ನು ಒಡೆದು ಹೊಂಡಕ್ಕೆ ಹಾಕಿದರು. ಉಳಿದವು ತೊಳೆದ ಕೂಡಲೇ ಮೆಷಿನಿಗೆ ಹೋದವು. ಮೆಷಿನ್ ಸಂಜೆಯವರೆಗೆ ತಿರುಗತೊಡಗಿತು. ಬಿಟ್ಟುಹೋದ ಅಂಗಡಿಗಳ ಜಾಗಕ್ಕೆ ಹೊಸಬರು ಬಂದರು.

ಮೇ ತಿಂಗಳಲ್ಲಿ ಗ್ಯಾಸ್ ತುಂಬುವಾಗ ಒಂದು ಬಾಟಲಿ ಸಿಡಿಯಿತು. ಯಾರದೋ ಮನೆಯಲ್ಲಿ ಬಿದ್ದು ಬಿರುಕು ಬಿಟ್ಟದ್ದು. ಅವಸರದಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಕಾಸಿಂನ ಎಡಗೈಯ ಕಿರುಬೆರಳನ್ನು ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು.

ಹಸನಬ್ಬ ಬಂದು, ಇಲ್ಲಿಗೆ ಸಾಕು ಎಂದ. ತಮ್ಮನ ಬೆರಳು ಹೋದ ಮೇಲೂ ಇದು ಬೇಕೇ ಎಂದು ಕೇಳಿದ.

"ನೀವು ಮಳೆಯವರೆಗೆ ಹೇಳಿದ್ದು ಹಸನಾಕ," ಎಂದಳು. "ಮಳೆ ಬರ್ಲಿಲ್ಲ."

ಅಂದಿನಿಂದ ಹಿಂದೆ ಬಂದ ಪ್ರತಿ ಬಾಟಲಿಯನ್ನೂ ಕುಶಲಾ ಬೆಳಕಿಗೆ ಹಿಡಿದು ನೋಡಿದಳು, ಮರದ ತುಂಡಿನಿಂದ ತಟ್ಟಿ ಕೇಳಿದಳು. ಸ್ವರ ಒಡೆದದ್ದು ಹೊಂಡಕ್ಕೆ. ಮುಖಕ್ಕೆ ತಂತಿಬಲೆ ಕಟ್ಟಿಕೊಂಡು ಆಸ್ಯಮ್ಮನೇ ಮೆಷಿನ್ ತಿರುಗಿಸಿದಳು. ಭುಜ ಬಾತುಕೊಂಡಿತು. ಎಣ್ಣೆ ಹಚ್ಚಿಕೊಂಡು ಮರುದಿನ ಮತ್ತೆ ತಿರುಗಿಸಿದಳು. ಕೈಗೆ ಬಟ್ಟೆ ಸುತ್ತಿಕೊಂಡೇ ಕಾಸಿಂ ಗಾಡಿ ಹಿಡಿದು ರಸ್ತೆಯಲ್ಲಿ ನಿಂತ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಮಧ್ಯಾಹ್ನ ಕಳೆದು ಹಸನಬ್ಬ ಕೊಡೆ ಹಿಡಿದು ಬಂದ. ಮೆಷಿನ್ ತಿರುಗುತ್ತಿತ್ತು. ಆಸ್ಯಮ್ಮ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಅವನು ಬಾಗಿಲಲ್ಲಿ ನಿಂತು ಮೆಷಿನ್ ನೋಡಿದ. ಬೀಗದ ಕೈ ಕೇಳದೆ ಹೋದ.

ಆ ಬೇಸಿಗೆಯಲ್ಲಿ ಹೋದದ್ದು ಮೂರು ಅಂಗಡಿ, ಇನ್ನೂರ ಹತ್ತು ಬಾಟಲಿ, ಒಂದು ಬೆರಳು.