ಅಡುಗೆಮನೆಯ ಅರ್ಧಬಾಗಿಲು

ನಾನು ಒಂದು ಅರ್ಧಬಾಗಿಲು. ದೊಡ್ಡವರ ಸೊಂಟದವರೆಗೆ ಮಾತ್ರ ಬರುತ್ತೇನೆ. ಗದುಗಿನ ಬಡಿಗ ಮೋನಪ್ಪ ಹಳೆಯ ಸಾಗುವಾನಿ ಮಂಚ ಕೊಯ್ದು ನನ್ನನ್ನು ಮಾಡಿದ. ಅವತ್ತೇ ತನ್ನ ಮನೆಯ ಅಡುಗೆಮನೆಗೆ ನನ್ನನ್ನು ಕೂರಿಸಿದ.

ಹಿಂದಿನ ದಿನ ಅವನ ಮೊಮ್ಮಗಳು, ಹದಿನಾಲ್ಕು ತಿಂಗಳ ರುಕ್ಕು, ನೆಲದ ಮೇಲಿದ್ದ ಬಿಸಿ ಚಹಾದ ಪಾತ್ರೆಯನ್ನು ಎಳೆದು ಕೈ ಸುಟ್ಟುಕೊಂಡಿದ್ದಳು. ಅಜ್ಜಿ ಕಾಳವ್ವ ಗಾಬರಿಯಿಂದ ಹಲ್ಲುಜ್ಜುವ ಪೇಸ್ಟ್ ತಂದಾಗ, ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಖಾಸಿಂಬಿ ಓಡಿಬಂದು ತಡೆದಳಂತೆ.

"ಪೇಸ್ಟ್ ಬ್ಯಾಡ ಕಾಳಕ್ಕಾ! ನಳದ ತಣ್ಣೀರಾಗ ಕೈ ಹಿಡಿ. ಇಪ್ಪತ್ತು ಮಿನಿಟು ಬಿಡಬ್ಯಾಡ. ಆಮ್ಯಾಲೆ ದವಾಖಾನಿಗೆ ಹೋಗೂಣು."

ಕೈ ಹದಿನೈದು ದಿನದಲ್ಲಿ ಮಾಯಿತು. ಆದರೆ ರುಕ್ಕು ಸುಮ್ಮನಿರುವ ಕೂಸಲ್ಲ. ಬ್ಯಾಂಡೇಜು ಬಿಚ್ಚಿದ ದಿನವೇ ನನ್ನನ್ನು ಹಿಡಿದು ಅಲ್ಲಾಡಿಸಿ, "ತೆಗಿ! ತೆಗಿ!" ಎಂದು ಕೂಗಿದಳು. ನನ್ನ ಚಿಲಕ ಒಳಗಡೆ ಇತ್ತು, ನಾನು ಜಗ್ಗಲಿಲ್ಲ. ಎರಡು ದಿನ ನನ್ನ ಮೇಲೆ ಸಿಟ್ಟು. ಮೂರನೆಯ ದಿನ ಸಂದಿಯಿಂದ ಚಮಚ ತೂರಿಸುವ ಆಟ ಕಂಡುಹಿಡಿದಳು.

ಒಂದು ಮಧ್ಯಾಹ್ನ ಕುದಿಯುವ ಬೇಳೆಯ ಪಾತ್ರೆ ಕಾಳವ್ವನ ಕೈಯಿಂದ ಜಾರಿತು. ಬೇಳೆ ನೆಲದ ತುಂಬ ಹರಿದು, ನನ್ನ ಕೆಳಹಲಗೆಗೆ ಬಡಿದು ನಿಂತಿತು. ಈಚೆ ರುಕ್ಕು ಚಮಚ ಹಿಡಿದು ನಿಂತಿದ್ದಳು! ಕಾಳವ್ವ ನನ್ನನ್ನು ತಬ್ಬಿಕೊಂಡು ಅತ್ತಳು, ಆಮೇಲೆ ನಕ್ಕಳು.

"ಇವತ್ತ ಊಟಕ್ಕ ಬರೇ ರೊಟ್ಟಿ ನೋಡ್ರಿ."

"ಬರೇ ರೊಟ್ಟಿನ ಹೋಳಿಗಿ ಆತು ಬಿಡು," ಎಂದ ಮೋನಪ್ಪ.

ರುಕ್ಕುವಿಗೆ ಐದು ತುಂಬಿ ಬಿಸಿಯ ಭಯ ತಿಳಿದ ಹೊತ್ತಿಗೆ, ಖಾಸಿಂಬಿಯ ಮೊಮ್ಮಗ ಅಂಬೆಗಾಲಿಡತೊಡಗಿದ. ಮೋನಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಅಲ್ಲಿಗೆ ಒಯ್ದ. ಅಲ್ಲಿಂದ ಟೇಲರ್ ಮನೆ, ಆಮೇಲೆ ಅವಳಿ ಮಕ್ಕಳ ಮನೆ. ಓಣಿಯ ಬಸುರಿಯರು ಕುಬಸದ ಆರತಿ ಮುಗಿಯುವ ಮೊದಲೇ, "ಮುಂದಿನ ಪಾಳಿ ನಮ್ದು!" ಎಂದು ನನ್ನನ್ನು ಹೇಳಿಡುತ್ತಿದ್ದರು. ಹೋದಲ್ಲೆಲ್ಲ ನನ್ನ ಜೊತೆಗೆ ಖಾಸಿಂಬಿಯೂ ಬರುತ್ತಿದ್ದಳು: "ಬಕೀಟಿಗೆ ಮೊದಲ ತಣ್ಣೀರು, ಆಮ್ಯಾಲೆ ಬಿಸಿನೀರು. ಕೂಸು ತೊಡಿಮ್ಯಾಲಿದ್ದಾಗ ಚಹಾ ಕುಡೀಬ್ಯಾಡ್ರಿ."

ಈಗ ನನಗೆ ವಯಸ್ಸಾಗಿದೆ. ಓಣಿಯ ಅಂಗನವಾಡಿಯ ಅಡುಗೆಕೋಣೆಗೆ ಕಾವಲಿದ್ದೇನೆ. ಸಾರಿನ ವಾಸನೆ ಬಂದರೆ ಸಾಕು, ಮಕ್ಕಳೆಲ್ಲ ನನ್ನೆದುರು ಸಾಲಾಗಿ ನಿಂತು ಕುಣಿಯುತ್ತಾರೆ, ತಡೆಯಲಾರದೆ ನನ್ನನ್ನೇ ಕಚ್ಚುತ್ತಾರೆ. ಮೊನ್ನೆ ಮೋನಪ್ಪ ಉಜ್ಜುಗೊರಡು ತಂದು, ಹಲ್ಲಿನ ಗುರುತು ಅಳಿಸಿಕೊಡಲೇ ಎಂದು ಕೇಳಿದ.

"ಬ್ಯಾಡ್ರಿ ಕಾಕಾ, ಇರ್ಲಿ," ಎಂದರು ಟೀಚರ್.

ಅವನು ಗುರುತುಗಳ ಮೇಲೆ ಬೆರಳಾಡಿಸಿ ನಕ್ಕ. ಮಕ್ಕಳ ಮೈಮೇಲೆ ಗಾಯದ ಕಲೆಯಿಲ್ಲ. ನನ್ನ ಮೈತುಂಬ ಅವರ ಹಲ್ಲಿನ ಗುರುತು. ಮರಕ್ಕೆ ಇದಕ್ಕಿಂತ ಸುಖದ ಮುಪ್ಪು ಬೇಕೆ?