ಇಡ್ವಾಲನ ಹಿತ್ತಾಳೆ ಬಿಲ್ಲೆಗಳು

ವೇಲ್ಸ್-ಇಂಗ್ಲೆಂಡ್ ಗಡಿಯ ಆ ಸೀಸದ ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಈಗ ಅಲ್ಲಿ ಅಗೆಯುವುದು ಪ್ರವಾಸಿಗರ ಜೇಬನ್ನು ಮಾತ್ರ ಎಂದು ಗಣಿ ತೋರಿಸುವ ಇಡ್ವಾಲನೇ ನಗಾಡುತ್ತಿದ್ದ. ಆದರೆ ಹಳೇ ಪದ್ಧತಿಯೊಂದನ್ನು ಆ ಮುದುಕ ಬಿಟ್ಟಿರಲಿಲ್ಲ. ಒಳಗೆ ಹೋಗುವವರೆಲ್ಲ ಬಾಗಿಲ ಹಲಗೆಯಿಂದ ಒಂದೊಂದು ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು, ಹೊರಗೆ ಬಂದು ಮತ್ತೆ ಮೊಳೆಗೆ ತೂಗುಹಾಕಬೇಕು. ಹಲಗೆ ತುಂಬಿದರೆ ಒಳಗೆ ಯಾರೂ ಇಲ್ಲವೆಂದು ಲೆಕ್ಕ. ಆಮೇಲೇ ಬೀಗ.

ಅವತ್ತು ಚಳಿಗಾಲಕ್ಕೆ ಮುಂಚಿನ, ಆ ವರ್ಷದ ಕೊನೆಯ ಸುತ್ತು. ಇಡ್ವಾಲನ ಹೆಂಡತಿ ನೆಸ್ಟಾಳಿಗೆ ಮರೆವಿನ ಕಾಯಿಲೆ. ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿರಲಿಲ್ಲ. ದಿನವೂ ಟಿಕೆಟ್ ಕೊಡುವ ಡೋರೀನಳ ಪಕ್ಕ ಕೂತಿರುತ್ತಿದ್ದಳು, ಸಂಜೆ ಡೋರೀನಳೇ ಕಾರಿನಲ್ಲಿ ಮನೆಗೆ ಬಿಡುತ್ತಿದ್ದಳು. ಅವತ್ತು ಮಾತ್ರ ನೆಸ್ಟಾ ಹಟ ಹಿಡಿದಳು.

"ನಾನೂ ಬರ್ತೀನಿ."

"ಸರಿ ಬಾ ಮಾರಾಯ್ತಿ. ನನ್ನ ಕೋಟಿನ ಚುಂಗು ಹಿಡ್ಕೊಂಡೇ ನಡಿ."

"ಅವಳಿಗೆ ಬಿಲ್ಲೆ?" ಎಂದಳು ಡೋರೀನ್.

"ಮನೆಯವರಿಗ್ಯಾಕೆ ಬಿಲ್ಲೆ? ಅವಳೇನು ಟಿಕೆಟ್ ತಗೊಂಡು ಬಂದೋಳಾ?"

ಒಳಗೆ ಹೋಗುತ್ತ ಇಡ್ವಾಲ್ ಎಂದಿನ ತಮಾಷೆ ಮಾಡಿದ. "ನೋಡ್ಕೊಂಡು ನಡೀರಿ. ಇಲ್ಲಿ ಎಡಗಾಲು ವೇಲ್ಸಲ್ಲಿ, ಬಲಗಾಲು ಇಂಗ್ಲೆಂಡಲ್ಲಿ. ಬಿದ್ರೆ ಯಾವ ಸರ್ಕಾರಾನ ಬೈಬೇಕೋ ಗೊತ್ತಾಗಲ್ಲ!" ಕೊನೆಯ ದೊಡ್ಡ ಗುಹೆಯಲ್ಲಿ ನೆಸ್ಟಾಳನ್ನು ಒಂದು ಬಂಡೆಯ ಮೇಲೆ ಕೂರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ. "ಈಗ ದೀಪ ಆರಿಸ್ತೀನಿ. ಮತ್ತೆ ಹಚ್ಚೋ ತನಕ ಯಾರೂ ಕದಲಬಾರ್ದು."

ಕತ್ತಲಾದದ್ದೇ ತಡ, ಒಂದು ಮಗು ಕಿಟಾರನೆ ಕಿರುಚಿತು. ಜನ ಗಾಬರಿಬಿದ್ದರು. ಇಡ್ವಾಲ್ ಟೋಪಿಯ ದೀಪವೊಂದನ್ನೇ ಹಚ್ಚಿಕೊಂಡು, ಮಗುವನ್ನು ಎತ್ತಿಕೊಂಡು, ಎಲ್ಲರನ್ನೂ ದಡದಡ ಹೊರಗೆ ತಂದ. ಬಿಲ್ಲೆಗಳೆಲ್ಲ ಮೊಳೆ ಸೇರಿದವು. ನೆಸ್ಟಾ ಕಾಣಲಿಲ್ಲ, ಡೋರೀನಳ ಕಾರೂ ಇರಲಿಲ್ಲ. ಗದ್ದಲದಲ್ಲಿ ಮುಂದೆ ಬಂದುಬಿಟ್ಟಿರಬೇಕು, ಡೋರೀನ್ ಕರೆದುಕೊಂಡು ಹೋಗಿರಬೇಕು ಎಂದುಕೊಂಡ. ಹಲಗೆ ತುಂಬಿತ್ತಲ್ಲ! ಬೀಗ ಜಡಿದ.

ಕೊನೆಯ ಸುತ್ತಿನ ದಿನ ಗಣಿ ತೋರಿಸುವ ಕೆಲಸದವರೆಲ್ಲ ಪಬ್ಬಿನಲ್ಲಿ ಸೇರಿ ಬಿಯರ್ ಕುಡಿಯುವುದು ವಾಡಿಕೆ. ಅವನೂ ಕೂತ, ಹಾಡಿದ, ಇನ್ನೊಂದು ಲೋಟ ತರಿಸಿದ. ನಡುರಾತ್ರಿ ಮನೆಗೆ ಬಂದರೆ ದೀಪವಿಲ್ಲ, ಒಲೆ ತಣ್ಣಗಿತ್ತು. ಡೋರೀನಳಿಗೆ ಫೋನ್ ಮಾಡಿದ.

"ನೆಸ್ಟಾನಾ? ನಿನ್ ಜೊತೇಲೇ ಒಳಗೆ ಹೋದ್ಲಲ್ಲ! ನೀನೇ ಕರ್ಕೊಂಡು ಬರ್ತೀಯ ಅಂತ ನಾನು ಆಗ್ಲೇ ಹೊರಟುಬಂದೆ. ಅಯ್ಯೋ ದೇವ್ರೇ, ಇಡ್ವಾಲ್..."

ಮತ್ತೆ ಗಣಿಗೆ ಬಂದು ಬೀಗ ತೆಗೆದ. ಹೆಸರು ಹಿಡಿದು ಕೂಗುತ್ತಲೇ ಓಡಿದ. ಕೂಗಿಗೆ ಓಗೊಟ್ಟದ್ದು ಗುಹೆ ಮಾತ್ರ.

ಅದೇ ಬಂಡೆಯ ಮೇಲೆ, ತೆಳುವಾದ ಸ್ವೆಟರಿನಲ್ಲಿ, ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದಳು. ಮಕ್ಕಳ ಹೆಸರು ಮರೆತವಳು, ಉಂಡದ್ದನ್ನು ಮರೆಯುತ್ತಿದ್ದವಳು, ಅವನ ಈ ಒಂದು ಮಾತನ್ನು ಮರೆತಿರಲಿಲ್ಲ. ಕದಲಿರಲಿಲ್ಲ. ಮೈ ಆ ಬಂಡೆಯಷ್ಟೇ ತಣ್ಣಗಿತ್ತು.

ಇಡ್ವಾಲ್ ಗುಹೆಯ ದೀಪಗಳನ್ನೆಲ್ಲ ಹಚ್ಚಿದ. ಒಂದನ್ನೂ ಬಿಡಲಿಲ್ಲ. ಆಮೇಲೆ ಅವಳ ಮುಂದೆ ಮಂಡಿಯೂರಿ ಭುಜ ಅಲುಗಾಡಿಸಿದ.

"ಹಚ್ಚಿದೀನಿ ಕಣೆ, ನೋಡು. ಎಲ್ಲಾ ದೀಪ ಹಚ್ಚಿದೀನಿ. ಏಳೇ ಈಗ."