ನೆಂಟರ ಎಲೆಗೆ ನಾಲ್ಕು ಜಿಬಿ

ವಿಜೇತಾ ನನ್ನ ಹಳೆಯ ವಿದ್ಯಾರ್ಥಿನಿ. ಈಗ ಬೆಳ್ಳೂರು ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ನಾನು ವಾರಕ್ಕೆರಡು ದಿನ ಅಲ್ಲಿಗೆ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ನಾನು ಬಂದೊಡನೆ ಅವಳು ಫ್ಯಾನನ್ನು ಆಚೆ ತಿರುಗಿಸುತ್ತಾಳೆ. ಗಾಳಿ ತಾಗಿದರೆ ನನಗೆ ಸೀನು ಬರುತ್ತದೆಂದು ಅವಳಿಗೆ ಗೊತ್ತು.

ಆ ಲ್ಯಾಬಿನಲ್ಲಿ ಪರದೆಗಳು ಹನ್ನೆರಡಿದ್ದರೂ ನಿಜವಾದ ಕಂಪ್ಯೂಟರ್ ಒಂದೇ, ಯಾರೋ ದಾನ ಕೊಟ್ಟ ಹಳೆಯ ಸರ್ವರ್. ಅದರೊಳಗೆ ಹನ್ನೆರಡು ವರ್ಚುವಲ್ ಯಂತ್ರಗಳು, ಅಂದರೆ ತಂತ್ರಾಂಶದಲ್ಲೇ ಹುಟ್ಟಿಸಿದ ಕಂಪ್ಯೂಟರುಗಳು, ಪರದೆಗೊಂದು. ಎಂಟನೆಯದನ್ನು ತೆರೆದರೆ ಎಲ್ಲವೂ ಸ್ತಬ್ಧ. ಗುರುವಾರ ವಿದ್ಯಾನಗರದಿಂದ ಮಹಾಬಲ ಎಂಬ ಶಿಕ್ಷಣಾಧಿಕಾರಿ ಪರಿಶೀಲನೆಗೆ ಬರುವವರಿದ್ದರು. ಹನ್ನೆರಡೂ ಒಟ್ಟಿಗೆ ಓಡದಿದ್ದರೆ ನಮ್ಮ ಮಕ್ಕಳು ಪ್ರಾಯೋಗಿಕ ಪರೀಕ್ಷೆಗೆ ಎರಡು ಬಸ್ಸು ಬದಲಿಸಿ ಬೇರೆ ಶಾಲೆಗೆ ಹೋಗಬೇಕಿತ್ತು.

ಆ ವಾರ ನಾನು ದಿನವೂ ಹೋದೆ. ಸೋಮವಾರ ವಿಜೇತಾ ಮೊದಲ ದೋಷ ಹಿಡಿದಳು.

"ಟೀಚರ್, ಇವಕ್ಕೆಲ್ಲ ತಾವೇ ಮನೆಯ ಯಜಮಾನರು ಅಂತ ಭ್ರಮೆ. ತನ್ನದೇ ಡಿಸ್ಕ್ ಉಂಟು ಅಂತ ಒಂದೊಂದೂ ಆಜ್ಞೆ ಕೊಡ್ತದೆ, ಸರ್ವರ್ ಪಾಪ ಡಿಸ್ಕಿನ ಹಾಗೆ ನಾಟಕ ಆಡ್ತದೆ. 'ನೀನು ನೆಂಟ ಮಾರಾಯ, ಬೇಕಾದ್ದನ್ನು ನೇರ ಕೇಳು' ಅಂತ ಹೇಳಿಕೊಡ್ಬೇಕು."

ಪ್ಯಾರಾವರ್ಚುವಲೈಸೇಶನ್ ಎಂದರೆ ಅದೇ ಅಂತೆ. ಅದರ ಡ್ರೈವರುಗಳನ್ನು ಹನ್ನೆರಡಕ್ಕೂ ಹಾಕಿದಳು. ಫೈಲುಗಳು ಚುರುಕಾಗಿ ತೆರೆದವು. ಆದರೆ ಎಂಟಕ್ಕೆ ಮತ್ತೆ ನಿಂತಿತು.

ಮಂಗಳವಾರ ಮಧ್ಯಾಹ್ನ ಅವಳು ಮೆಮೊರಿ ಹಂಚಿದ ಪಟ್ಟಿ ನೋಡಿದೆ. ಸರ್ವರಿನಲ್ಲಿ ಇರುವುದು ಮೂವತ್ತೆರಡು ಜಿಬಿ ಮೆಮೊರಿ. ಪ್ರತಿ ಯಂತ್ರಕ್ಕೂ ಗರಿಷ್ಠ ನಾಲ್ಕು, ಕನಿಷ್ಠವೂ ನಾಲ್ಕು. ಎಂಟು ಯಂತ್ರಕ್ಕೇ ಮೂವತ್ತೆರಡೂ ಮುಗಿದು ಸರ್ವರಿಗೇ ಏನೂ ಉಳಿಯುತ್ತಿರಲಿಲ್ಲ.

"ಕನಿಷ್ಠ ಇಷ್ಟು ಯಾಕೆ?"

ಅವಳು ಸಂಕೋಚಪಟ್ಟಳು. "ಉಪಯೋಗಿಸದ ಮೆಮೊರಿ ವಾಪಸು ತೆಗೆಯಲಿಕ್ಕೆ ಬಲೂನ್ ಅಂತ ಡ್ರೈವರ್ ಉಂಟು ಟೀಚರ್. ಯಂತ್ರದೊಳಗೆ ಊದಿಕೊಂಡು ಖಾಲಿ ಜಾಗ ಹಿಡಿದು ಸರ್ವರಿಗೆ ಬಿಟ್ಟುಕೊಡ್ತದೆ. ಆದ್ರೆ ನೆಂಟರ ಎಲೆಗೆ ಬಡಿಸಿದ್ದನ್ನು ತೆಗೆಯುವುದಾ? ಮಕ್ಕಳ ಕೆಲಸ ಹಾಳಾದ್ರೆ? ಅದಕ್ಕೇ ಬಲೂನ್ ಊದದ ಹಾಗೆ ಕನಿಷ್ಠವೂ ನಾಲ್ಕೇ ಇಟ್ಟೆ."

ಬಿಸಿಯೂಟದ ಅಮ್ಮಣಿ ನನ್ನ ಹಲ್ಲಿಗೆ ಹಿತವಾಗಲೆಂದು ಬೇರೆಯೇ ಮೆತ್ತಗೆ ಬೇಯಿಸಿದ ಅನ್ನ ತಂದಿದ್ದಳು. ಮಾತು ಕೇಳಿ ನಿಂತಳು.

"ಎಲೆಯಲ್ಲಿದ್ದದ್ದು ಎಂಜಲು, ಮುಟ್ಟಬಾರದು. ಬಗಲಿಗೆ ಇಟ್ಟ ಪಾತ್ರೆಯದ್ದು ಎಂಜಲಾ? ನೀನೆಂತ, ಒಬ್ಬೊಬ್ಬರ ಬಗಲಿಗೂ ಒಂದೊಂದು ಪಾತ್ರೆ ಇಟ್ಟು ಕೂತದ್ದಾ? ನನ್ನ ಕೆಲಸ ನಿನಗೆ ಕೊಟ್ರೆ ಅರ್ಧ ಶಾಲೆ ಉಪವಾಸ!"

ನಗುತ್ತಿದ್ದ ವಿಜೇತಾ ತಟ್ಟನೆ ನಿಲ್ಲಿಸಿದಳು. "ಹೌದಲ್ಲ! ಬಲೂನ್ ಮೊದಲು ಹಿಡಿಯುವುದು ಯಂತ್ರ ಮುಟ್ಟದ ಮೆಮೊರಿಯನ್ನೇ."

ಆದರೂ ಬರೀ ಮಾತು ನಂಬಲಿಲ್ಲ ನನ್ನ ಹುಡುಗಿ. ಬುಧವಾರವಿಡೀ ಮಕ್ಕಳನ್ನು ಸರದಿಯಲ್ಲಿ ಕೂರಿಸಿ, ಪ್ರತಿ ಯಂತ್ರ ನಿಜಕ್ಕೂ ಎಷ್ಟು ಬಳಸುತ್ತದೆಂದು ಅಳೆದಳು. ಎಲ್ಲಿಯೂ ಎರಡು ಜಿಬಿ ದಾಟಲಿಲ್ಲ. ಕನಿಷ್ಠವನ್ನು ಎರಡಕ್ಕೆ ಇಳಿಸಿ, ಮಿಕ್ಕದ್ದನ್ನು ಬಲೂನಿಗೆ ಬಿಟ್ಟಳು.

ಗುರುವಾರ ಮಹಾಬಲರು ಬಂದರು. ಮಕ್ಕಳು ನೆಲ ಒರೆಸಿದ್ದನ್ನು ಕಂಡು ಚಪ್ಪಲಿಯನ್ನು ಹೊರಗೇ ಬಿಟ್ಟರು. ಒಂದೊಂದೇ ಪರದೆ ತೆರೆಸಿದರು. ಏಳು, ಎಂಟು. ನಿಲ್ಲಲಿಲ್ಲ. ಒಂಬತ್ತು, ಹತ್ತು, ಹನ್ನೊಂದು. ಹನ್ನೆರಡನೆಯದರಲ್ಲೂ ಅಕ್ಷರಗಳು ಬೆರಳಿನ ಹಿಂದೆಯೇ ಮೂಡಿದವು.

"ಹೊಸ ಸರ್ವರ್ ಬಂತಾ?"

"ಇಲ್ಲ ಸರ್, ಅದೇ ಹಳೆಯದು," ಎಂದಳು ವಿಜೇತಾ.

"ಹಾಗಾದ್ರೆ ಪರೀಕ್ಷೆ ಇಲ್ಲೇ," ಎಂದು ಸಹಿ ಹಾಕಿದರು. "ಹೇಗೆ ಮಾಡಿದ್ದು ಅಂತ ಕನ್ನಡದಲ್ಲೇ ಬರೆದು ಕೊಡಿ. ಇಂಥ ಸರ್ವರ್ ಇನ್ನು ನಾಲ್ಕು ಶಾಲೆಯಲ್ಲಿ ಉಂಟು."

ಸಂಜೆಯೊಳಗೆ ವಿಜೇತಾ ಎರಡು ಪುಟ ಬರೆದು, ತಿದ್ದಿಕೊಡಿ ಎಂದು ನನ್ನ ಕೈಗಿಟ್ಟಳು. ತಾನು ಎಲ್ಲಿ ತಪ್ಪಿದೆನೆಂಬುದನ್ನೂ ಅಡಗಿಸದೆ ಬರೆದಿದ್ದಳು. ಎರಡು ಸಲ ಓದಿದೆ, ಎರಡನೆಯ ಸಲ ಬರೀ ಸಂತೋಷಕ್ಕೆ. ಒಂದು ಒತ್ತಕ್ಷರ ತಪ್ಪಿತ್ತು, ತೋರಿಸಿದೆ.